ಒಬ್ಬ ಹುಲುಗಪ್ಪ ಸಾಕೇನ್ರಿ?

ಫೋನ್ ಮಾಡುವಾಗ ಡಾಕ್ಟರ್ ಗಾಯತ್ರಿಗೆ ಸಿಟ್ಟು ನೆತ್ತಿಗೇರಿತ್ತು.

"ಮಧ್ವೇಶ ಅವ್ರೇನ್ರಿ? ಗಾದಿಗನೂರು ಶಾಲಿ ಹುಡುಗ್ರಿಗೆ ನಾನ ನಿಂತು ಸೂಜಿ ಹಾಕ್ಸೀನಿ. ನಿಮ್ಮ ರಿಪೋರ್ಟಿನಾಗ ಅರ್ಧ ಮಂದಿಗೆ ಹಾಕೇ ಇಲ್ಲ ಅಂತ ಐತಿ. ನಿಮಗ ವಯಸ್ಸಾಗಿರಬೇಕು ಸರ್, ಕಣ್ಣು ತೋರಿಸ್ಕೋರಿ."

ಆ ಕಡೆಯಿಂದ ಉತ್ತರ ಬಂತು: "ನಾಳೆ ಶಾಲಿಗೇ ಬರ್ತೀನ್ರಿ ಮೇಡಂ. ಕಣ್ಣು ನೀವ ನೋಡ್ರಿ."

ಮಕ್ಕಳನ್ನು ಆಸ್ಪತ್ರೆಗೆ ಕರೆಯುವ ಬದಲು ಶಾಲೆಗೇ ಹೋಗಿ ಧನುರ್ವಾಯು ಲಸಿಕೆ ಹಾಕುವ ಪದ್ಧತಿ ಆ ವರ್ಷವಷ್ಟೇ ಶುರುವಾಗಿತ್ತು. ಶಾಲೆಗಳ ಲೆಕ್ಕ ನೋಡಿ ಅದರಿಂದ ಉಪಯೋಗವಾಯಿತೋ ಇಲ್ಲವೋ ಎಂದು ಹೇಳುವುದು ಮಧ್ವೇಶನ ಕೆಲಸ. ಧಾರವಾಡದಿಂದ ಹೊಸಪೇಟೆ ಆಫೀಸಿಗೆ ಹೊಸದಾಗಿ ಬಂದಿದ್ದ. ಅವನ ರಿಪೋರ್ಟ್ ಹೀಗೇ ಬಳ್ಳಾರಿಯ ಜಿಲ್ಲಾ ಕಚೇರಿಗೆ ಹೋದರೆ ಪದ್ಧತಿಗೇ ಎಳ್ಳುನೀರು. ಆಮೇಲೆ ಅದಿರಿನ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಕೂಲಿ ಬಿಟ್ಟು ಮಕ್ಕಳನ್ನು ಆಸ್ಪತ್ರೆಗೆ ಕರೆತರುವುದುಂಟೇ? ಗಾಯತ್ರಿಗೆ ಅದೇ ಸಂಕಟ.

ಮರುದಿನ ಬೈಕಿನಿಂದ ಇಳಿದವನ ಹುಬ್ಬು, ಮೀಸೆ ಎಲ್ಲ ಲಾರಿ ಧೂಳಿಗೆ ಕೆಂಪಾಗಿದ್ದವು. ಕರ್ಚೀಫಿನಿಂದ ಮುಖ ಒರೆಸಿಕೊಂಡ. ಕಣ್ಣು ಚೆನ್ನಾಗಿಯೇ ಇದ್ದವು. ಗಾಯತ್ರಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು, ಅದು ಅವನಿಗೂ ಗೊತ್ತಾಯಿತು.

"ಭಾಳ ವಯಸ್ಸಾಗ್ಯದೇನ್ರಿ?"

"ಧೂಳು ಒರಿಸಿದ ಮ್ಯಾಲೆ ಸ್ವಲ್ಪ ಕಡಿಮಿ ಆತ್ರಿ."

ಅವನು ನಗುತ್ತಲೇ ಹೇಳಿದ. "ನಿಮ್ಮ ಪಟ್ಟಿಯೊಳಗ ಒಂದ ಹೆಸರು ಮತ್ತ ಮತ್ತ ಬಂದಿತ್ತು. ತಪ್ಪಿ ಟೈಪ್ ಆಗ್ಯದ ಅಂತ ಒಂದು ಇಟ್ಕೊಂಡು ಉಳಿದಿದ್ದು ಅಳಿಸಿಬಿಟ್ಟೆ."

"ಯಾವ ಹೆಸರ್ರಿ?"

"ಹುಲುಗಪ್ಪ. ಆಮ್ಯಾಲೆ ಹುಲಿಗೆಮ್ಮ."

ಗಾಯತ್ರಿ ನಗು ತಡೆದುಕೊಂಡು ಅವನನ್ನು ತರಗತಿಯ ಬಾಗಿಲಿಗೆ ಕರೆದೊಯ್ದಳು. "ಕರೀರಿ."

"ಹುಲುಗಪ್ಪ," ಎಂದ ಮಧ್ವೇಶ. ಗಂಡುಮಕ್ಕಳ ಸಾಲಿನಲ್ಲಿ ಅರ್ಧ ಮಂದಿ ಎದ್ದು ನಿಂತರು. ಅವನು ಗಾಬರಿಯಿಂದ, "ಹುಲಿಗೆಮ್ಮ," ಎಂದ. ಹೆಣ್ಣುಮಕ್ಕಳ ಸಾಲಿನಲ್ಲೂ ಅರ್ಧ ಮಂದಿ ಎದ್ದರು.

"ಹುಲಿಗಿ ಅಮ್ಮಗ ಹರಕಿ ಹೊತ್ತು ಹುಟ್ಟಿದ ಮಕ್ಳ್ರಿ," ಎಂದಳು ಗಾಯತ್ರಿ. "ಬ್ಯಾರೆ ಹೆಸರಿಡಂಗಿಲ್ಲ. ನಿಮಗ ಒಬ್ಬ ಸಾಕೇನ್ರಿ?"

ಅವನು ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಗಲೇ ಗಾಯತ್ರಿಯ ಸಿಟ್ಟೆಲ್ಲ ಇಳಿದುಹೋಯಿತು. ಇವನು ಇಷ್ಟು ಬೇಗ ಹೋಗಬಾರದು ಅಂತಲೂ ಅನ್ನಿಸಿತು.

ಹೋದವನು ವಾರ ಕಳೆದ ಮೇಲೆ ಆಸ್ಪತ್ರೆಗೇ ಬಂದ. ಅಳಿಸಿದ ಮಕ್ಕಳೆಲ್ಲ ರಿಪೋರ್ಟಿಗೆ ಮರಳಿದ್ದರು. ಮುಂದಿನ ವರ್ಷವೂ ಶಾಲೆಯಲ್ಲೇ ಲಸಿಕೆ ಎಂದು ಬಳ್ಳಾರಿಯವರು ಒಪ್ಪಿದ್ದರು.

"ಫೋನ್ ಮಾಡಿದ್ರ ಸಾಕಿತ್ತಲ್ರಿ?"

"ಫೋನಿನೊಳಗ ಕಣ್ಣು ತೋರಿಸ್ಲಿಕ್ಕೆ ಬರೂದಿಲ್ಲಲ್ರೀ."

ಗಾಯತ್ರಿ ಸ್ಟೆತಾಸ್ಕೋಪನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡಳು. "ಗಾಯತ್ರಿ ಅನ್ನೋರೂ ಊರ ತುಂಬ ಅದಾರ್ರಿ. ಮತ್ತ ಗೊಂದಲ ಆದೀತು."

"ಎಷ್ಟು ಮಂದಿ ಇದ್ರೂ ಇರ್ಲಿ," ಎಂದ ಮಧ್ವೇಶ. ಈಗ ಅವನು ನಗುತ್ತಿರಲಿಲ್ಲ. "ನಾ ಒಬ್ಬರನ್ನ ಇಟ್ಕೊಂಡು ಉಳಿದವರನ್ನೆಲ್ಲಾ ಅಳಿಸಿಬಿಟ್ಟೀನಿ."

ಗಾಯತ್ರಿ ಅವನ ಕಣ್ಣನ್ನು ಮತ್ತೊಮ್ಮೆ ನಿಧಾನಕ್ಕೆ ಪರೀಕ್ಷೆ ಮಾಡಿದಳು.

"ಈ ಸಲ ಲೆಕ್ಕ ಬರೋಬ್ಬರಿ ಐತ್ರಿ," ಎಂದಳು.