ಲ್ಯಾಡರ್‌ಗೆ ಸೊನ್ನೆ, ಲೋನ್ಲಿಗೆ ಎರಡು

"ಈ ವಾಕ್ಯಕ್ಕೆ ಸೊನ್ನೆ ಹಾಕೋಕೆ ಮನಸ್ಸಾದ್ರೂ ಹೇಗೆ ಬಂತು, ಚಿಕ್ಗು?"

ಸುಹೈಲಾಳ ದನಿ ಅವಳಿಗೇ ಜೋರೆನಿಸಿತು. ಇಪೋ ನಗರದ ಒಂದು ಶಾಲಾ ಸಭಾಂಗಣದಲ್ಲಿ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದ ಶಿಕ್ಷಕರೆಲ್ಲ ತಲೆಯೆತ್ತಿದರು. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು 'ಚಿಕ್ಗು', ಅಂದರೆ ಟೀಚರ್. ಎದುರಿಗಿದ್ದ ಫಿರ್ದೌಸ್‌ನನ್ನು ಅವಳು ಕಂಡು ಅರ್ಧ ಗಂಟೆಯೂ ಆಗಿರಲಿಲ್ಲ!

ಪ್ರಶ್ನೆ ಇಷ್ಟೇ: ಅರ್ಥ ಸ್ಪಷ್ಟವಾಗುವಂತೆ ಮಕ್ಕಳು ಎರಡು ಪದಗಳನ್ನು ವಾಕ್ಯದಲ್ಲಿ ಬಳಸಬೇಕು. ಲ್ಯಾಡರ್ ಮತ್ತು ಲೋನ್ಲಿ. ಏಣಿಗೂ ಒಂಟಿತನಕ್ಕೂ ಏನು ಸಂಬಂಧ? ಒಂದೇ ಪತ್ರಿಕೆಗೆ ಇಬ್ಬರು ಶಿಕ್ಷಕರು ಪ್ರತ್ಯೇಕವಾಗಿ ಅಂಕ ಕೊಟ್ಟು, ವ್ಯತ್ಯಾಸವಿದ್ದರೆ ಕೂತು ತೀರ್ಮಾನಿಸಬೇಕು.

"'ಅಪ್ಪ ಲ್ಯಾಡರ್ ತಂದರು' ಅಂತಿದೆ. ಅಪ್ಪ ಹಲಸಿನಹಣ್ಣೂ ತರಬಹುದಲ್ವಾ?" ಎಂದ ಫಿರ್ದೌಸ್.

"ಹಲಸಿನಹಣ್ಣು ಹತ್ತಿ ಸೂರು ರಿಪೇರಿ ಮಾಡೋಕಾಗುತ್ತಾ?"

"ಮಗು ಹಾಗೆ ಬರೆದಿದ್ರೆ ಪೂರ್ತಿ ಅಂಕ ಕೊಡ್ತಿದ್ದೆ!"

ಅವಳಿಗೆ ನಗು ಬಂತು. ತಡೆದುಕೊಂಡಳು.

ಎರಡನೆಯ ವಾಕ್ಯ: 'ಅಜ್ಜ ಲೋನ್ಲಿ, ಅದಕ್ಕೇ ರೇಡಿಯೋದಲ್ಲಿ ವಾರ್ತೆ ಓದುವವರಿಗೆ ಉತ್ತರ ಕೊಡುತ್ತಾರೆ.' ಇಬ್ಬರೂ ಎರಡಕ್ಕೆ ಎರಡು ಕೊಟ್ಟಿದ್ದರು.

ಎಂಟು ದಿನ ಕಳೆಯಿತು. ದಿನವೂ ಚಹಾದ ಹೊತ್ತಿಗೆ ಫಿರ್ದೌಸ್ ಬಾಳೆಹಣ್ಣಿನ ಬಜ್ಜಿಯಲ್ಲಿ ಗರಿಗರಿಯಾದದ್ದನ್ನು ಆರಿಸಿ ಅವಳ ಕಡೆ ತಳ್ಳುತ್ತಿದ್ದ. 'ಬರೀ ಸೌಜನ್ಯವಿರಬಹುದು... ಅಲ್ಲದಿದ್ದರೆ?' ಎಂದುಕೊಳ್ಳುತ್ತಿದ್ದಳು ಅವಳು.

ಒಂಬತ್ತನೆಯ ಬೆಳಿಗ್ಗೆ ಸೂಚನಾ ಫಲಕದಲ್ಲಿ ಅವಳ ಜೊತೆ ತಿದ್ದುವವರ ಹೆಸರು ಬದಲಾಗಿತ್ತು.

"ಫಿರ್ದೌಸ್ ಕೇಳಿಕೊಂಡಿದ್ದು. ಕಾರಣ ಅವನನ್ನೇ ಕೇಳಮ್ಮ," ಎಂದರು ಮುಖ್ಯಸ್ಥೆ ಪುವಾನ್ ರೊಕಿಯಾ.

ತಿದ್ದುವ ಕೆಲಸದಲ್ಲಿ ಇದು ಅವಳ ಮೊದಲ ವರ್ಷ. ಒಂದು ದೂರು ಬಂದರೂ ಮುಂದೆ ಯಾರೂ ಕರೆಯುವುದಿಲ್ಲ. ಅದಕ್ಕಿಂತ ನೋಯಿಸಿದ್ದು ಇನ್ನೊಂದು... ಬೇಡವೆಂದದ್ದು ಅವನೇ!

ಜಗಲಿಯಲ್ಲಿ ಅವನನ್ನು ತಡೆದಳು.

"ನನ್ನ ಮೇಲೆ ದೂರು ಕೊಟ್ರಾ?"

"ದೂರಾ! ಇಲ್ಲಪ್ಪಾ..."

"ಮತ್ತೆ? ನನ್ನ ಮುಖ ನೋಡಿ ಸಾಕಾಯ್ತಾ?"

ಅವನು ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟ. ವಾರಕ್ಕೊಮ್ಮೆ ಎಲ್ಲರೂ ತುಂಬುವ ಘೋಷಣಾ ಪತ್ರದ ಪ್ರತಿ. 'ಜೊತೆಯಲ್ಲಿ ತಿದ್ದುವವರು ನಿಮ್ಮ ಬಂಧುವೋ ಆಪ್ತರೋ?' ಹೌದು ಎಂದು ಗುರುತು ಹಾಕಿದ್ದ. 'ಸಂಬಂಧವೇನು?' ಎಂಬಲ್ಲಿ ಪುಟ್ಟ ಅಕ್ಷರದಲ್ಲಿ ಬರೆದಿದ್ದ: 'ಅವರನ್ನು ಇನ್ನೂ ಕೇಳಿಲ್ಲ.'

ಅವಳು ಆ ಸಾಲನ್ನು ಎರಡು ಸಲ ಓದಿದಳು.

"ಮೂರು ದಿನದಿಂದ ನೀವು ಎಷ್ಟು ಕೊಟ್ಟಿರ್ತೀರಿ ಅಂತ ಊಹಿಸಿ ಅಷ್ಟೇ ಹಾಕ್ತಿದ್ದೆ, ಚಿಕ್ಗು. ಮಕ್ಕಳಿಗೆ ಮೋಸ ಅಲ್ವಾ?"

"ಪುವಾನ್ ಇದನ್ನ ಓದಿದ್ರಾ?"

"ಓದಿ, ನಕ್ಕು, ಸಹಿ ಹಾಕಿದ್ರು."

"ಊರಿಗೆಲ್ಲ ಹೇಳಿ ಕೊನೆಗೆ ನನಗೆ!"

"ಈಗ ಕೇಳ್ಲಾ?"

"ನಮ್ಮಲ್ಲಿ ಹುಡುಗೀನ ಹೀಗೆ ಜಗಲೀಲಿ ನಿಲ್ಲಿಸಿ ಕೇಳಲ್ಲ. ಮನೆಗೆ ಹಿರಿಯರು ಬರ್ತಾರೆ."

"ನಿಮ್ಮ ಮನಸ್ಸು ತಿಳೀದೆ ಅಮ್ಮನ್ನ ಹೇಗೆ ಕರ್ಕೊಂಡು ಬರ್ಲಿ?"

ಅವಳು ಹಾಳೆಯನ್ನು ಮಡಚಿ ತನ್ನ ಚೀಲದೊಳಗೆ ಇಟ್ಟುಕೊಂಡಳು.

"ನಮ್ಮನೆ ತೈಪಿಂಗ್‌ನಲ್ಲಿ, ಮಸೀದಿ ಹಿಂದಿನ ಬೀದಿ. ನೀಲಿ ಬಾಗಿಲು. ಶನಿವಾರ ಅಪ್ಪ ಮನೇಲಿರ್ತಾರೆ... ಫಿರ್ದೌಸ್."

ಮೊದಲ ಸಲ ಅವಳು ಅವನನ್ನು ಬರೀ ಹೆಸರಿನಿಂದ ಕರೆದಿದ್ದಳು.

"ಇನ್ನೊಂದ್ಸಲ ಹೇಳಿ," ಎಂದ ಅವನು.

"ವಿಳಾಸಾನಾ?"

"ಅಲ್ಲ."