ಸುದ್ದಿನೂಲು

ಪಲ್ಲವಿ ಇಕ್ಕಳದ ತುದಿಯಲ್ಲಿ ಹಸಿರು ಹುಳವೊಂದನ್ನು ಎತ್ತಿ ಮಲ್ಲಿಗೆ ಗಿಡದ ಎಲೆಯ ಮೇಲೆ ಮೆಲ್ಲಗೆ ಇಳಿಸಿದಳು. ಅವಳ ಅಂಗಳದಲ್ಲಿ ನೆರೆದಿದ್ದ ಮಹಿಳಾ ಮಂಡಳದ ಐವತ್ತು ಜನ ಹೆಂಗಸರು ಮಾತು ನಿಲ್ಲಿಸಿ ಕತ್ತು ಚಾಚಿದರು. ಹುಳ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಲೆಯ ಅಂಚಿಗೆ ಬಾಯಿ ಹಾಕಿತು.

"ಈಗ ಅದನ್ನ ನೋಡಬ್ಯಾಡ್ರಿ. ಆ ಗುಲಾಬಿ ನೋಡ್ರಿ," ಎಂದಳು ಪಲ್ಲವಿ.

ಗುಲಾಬಿ ಹನ್ನೆರಡು ಅಡಿ ದೂರದಲ್ಲಿ ಕಾಂಪೌಂಡಿನ ಪಕ್ಕ ಇತ್ತು. ಅದರ ಎಲೆಯೊಂದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ, ಗಿಡ ಹೆದರಿತೇ ಎಂದು ತೋರಿಸುವ ಒಂದು ಉಪಕರಣವನ್ನು ಅವಳು ಕಚ್ಚಿಸಿದ್ದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದರ ಹಸಿರು ದೀಪ ಕೆಂಪಾಯಿತು. ಹಿಂದೆಯೇ ದಾಸವಾಳದ ದೀಪ, ಬದನೆಯ ದೀಪ, ಗೋಡೆಗೆ ಒರಗಿದ್ದ ಕರಿಬೇವಿನ ದೀಪ.

"ಯವ್ವಾ, ಹುಳ ಕಡದದ್ದು ಮಲ್ಲಿಗಿಗೆ, ಉರಿ ಹತ್ತಿದ್ದು ಗುಲಾಬಿಗೇನ?" ಎಂದರು ಪಕ್ಕದ ಮನೆಯ ಶೈಲಕ್ಕ. ಎಲ್ಲರೂ ನಕ್ಕರು.

ಡಾಕ್ಟರ್ ಪಲ್ಲವಿ ತಡಕೋಡ ಒಂಬತ್ತು ವರ್ಷ ದುಡಿದದ್ದು ಈ ನಗುವಿಗಾಗಿಯೇ. ಹುಳ ಕಡಿದಾಗ ಗಿಡ ಸುಮ್ಮನಿರುವುದಿಲ್ಲ. ತನ್ನೊಳಗೆ ಕೆಲವು ರಾಸಾಯನಿಕಗಳನ್ನು ಹುಟ್ಟಿಸಿಕೊಂಡು ಎಲೆಯನ್ನು ಕಹಿ ಮಾಡಿಕೊಳ್ಳುತ್ತದೆ, ಒರಟು ಮಾಡಿಕೊಳ್ಳುತ್ತದೆ. ಆದರೆ ಅದು ಎಚ್ಚರಗೊಳ್ಳುವ ಹೊತ್ತಿಗೆ ಹುಳ ಅರ್ಧ ಗಿಡ ಮುಗಿಸಿರುತ್ತದೆ. ಪಲ್ಲವಿ ಒಂದು ಶಿಲೀಂಧ್ರವನ್ನು, ಅಂದರೆ ಅಣಬೆಯ ಜಾತಿಯ ಜೀವಿಯನ್ನು, ಹೊಸದಾಗಿ ರೂಪಿಸಿದ್ದಳು. ಕಣ್ಣಿಗೆ ಕಾಣದಷ್ಟು ತೆಳುವಾದ ಅದರ ಎಳೆಗಳು ಮಣ್ಣಿನೊಳಗೆ ಹಬ್ಬಿ, ಒಂದು ಗಿಡದ ಬೇರನ್ನು ಇನ್ನೊಂದರ ಬೇರಿಗೆ ಹೆಣೆಯುತ್ತಿದ್ದವು. ಒಂದು ಗಿಡಕ್ಕೆ ಹುಳ ಬಿದ್ದರೆ ಆ ಸುದ್ದಿ ಎಳೆಗಳ ಮೂಲಕ ಓಡಿ, ಉಳಿದ ಗಿಡಗಳು ಮೊದಲೇ ಮೈ ಬಿಗಿ ಮಾಡಿಕೊಳ್ಳುತ್ತಿದ್ದವು. ಅದಕ್ಕೆ ಅವಳಿಟ್ಟ ಹೆಸರು ಸುದ್ದಿನೂಲು.

"ಹಂಗಾದ್ರ ಬೇವಿನೆಣ್ಣಿ, ಸಾಬೂನ ನೀರು, ಹುಳಿ ಮಜ್ಜಿಗಿ, ಏನೂ ಸಿಂಪಡಸೂದು ಬ್ಯಾಡ?" ಎಂದು ಒಬ್ಬರು ಕೇಳಿದರು.

"ಏನೂ ಬ್ಯಾಡ್ರಿ. ಗಿಡದ ಹೇನು, ಹಿಟ್ಟು ತಿಗಣಿ, ಬಿಳಿನೊಣ, ಯಾವುದೂ ಹತ್ರ ಬರಂಗಿಲ್ಲ. ಆದ್ರ ಇದು ಇನ್ನೂ ಪರೀಕ್ಷಾದಾಗ ಅದ. ಈ ಅಂಗಳ ಬಿಟ್ಟು ಹೊರಗ ಹೋಗೂ ಹಂಗಿಲ್ಲ."

ಹೆಂಗಸರು ಗಂಭೀರವಾಗಿ ತಲೆಯಾಡಿಸಿದರು. ಚಹಾ ಕುಡಿದರು. ಗಿಡಗಳ ನಡುವೆ ಓಡಾಡಿದರು. ಅದು ಎರಡು ಸಾವಿರದ ಐವತ್ತೆಂಟರ ಮಾರ್ಚ್ ತಿಂಗಳು. ಧಾರವಾಡದ ಮಾಳಮಡ್ಡಿಯಲ್ಲಿ ಎಷ್ಟೋ ಸಂಗತಿಗಳು ಬದಲಾಗಿದ್ದವು, ಒಂದು ಬದಲಾಗಿರಲಿಲ್ಲ. ಕೇಳಿ ತಂದ ಕಡ್ಡಿ ಚಿಗುರುವುದಿಲ್ಲ, ಕದ್ದು ತಂದದ್ದು ಮಾತ್ರ ಹತ್ತುತ್ತದೆ, ಕದ್ದದ್ದನ್ನು ಒಪ್ಪಿಕೊಂಡರೆ ಗಿಡ ಒಣಗುತ್ತದೆ ಎನ್ನುವ ನಂಬಿಕೆ. ಈ ಊರಿನಲ್ಲೇ ಹುಟ್ಟಿ ಬೆಳೆದ ಪಲ್ಲವಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅವತ್ತು ಅವಳು ಎಲ್ಲರ ಸೆರಗಿನತ್ತ, ಚೀಲದತ್ತ ಕಣ್ಣು ಹಾಯಿಸಲಿಲ್ಲ. ಚಪ್ಪಾಳೆಯ ಸುಖವೇ ಅಂಥದ್ದು.

ಮೇ ತಿಂಗಳು ಬಂತು. ಮಾಳಮಡ್ಡಿಯ ಅಂಗಳಗಳು ಹಿಂದೆಂದೂ ಕಾಣದಷ್ಟು ಹಸಿರಾಗಿದ್ದವು. ಒಂದು ಎಲೆಯಲ್ಲೂ ತೂತಿಲ್ಲ, ಎಲೆ ಮುದುರುವ ಮುಟುರು ರೋಗವಿಲ್ಲ. ಹೂವೂ ಇಲ್ಲ.

ಮೊದಲು ಬಿಸಿಲನ್ನು ದೂರಿದರು, ಆಮೇಲೆ ನಲ್ಲಿ ನೀರನ್ನು. ಮಲ್ಲಿಗೆಯ ಕಾಲದಲ್ಲೇ ಮಲ್ಲಿಗೆ ಮೊಗ್ಗು ಕಟ್ಟಲಿಲ್ಲ, ದಾಸವಾಳ ಅರಳಲಿಲ್ಲ, ಹೂವೇ ಬಿಡದ ಬದನೆಯಲ್ಲಿ ಕಾಯಿ ಎಲ್ಲಿಂದ ಬರಬೇಕು? ಪಲ್ಲವಿ ತನ್ನ ಅಂಗಳದ ಕ್ಲಿಪ್ಪುಗಳನ್ನು ಪರೀಕ್ಷಿಸಿದಳು. ಎಲ್ಲ ದೀಪಗಳೂ ಕೆಂಪು. ಭೂತಗನ್ನಡಿ ಹಿಡಿದು ಎರಡು ದಿನ ಹುಡುಕಿದರೂ ಒಂದೇ ಒಂದು ಹುಳ ಸಿಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಹಲ್ಲುಜ್ಜುತ್ತಾ ನಿಂತಿದ್ದವಳಿಗೆ ಹೊಳೆಯಿತು. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಅವಳು ಮೆಟ್ಟಿಲ ಮೇಲೆ ಕೂತಳು.

ಮಾರ್ಚಿನಲ್ಲಿ ತಾನು ಬಿಟ್ಟ ಆ ಹುಳ ಅಂದೇ ಸತ್ತಿತ್ತು. ಅದರ ಸುದ್ದಿ ಸತ್ತಿರಲಿಲ್ಲ. ಮಲ್ಲಿಗೆ ಗುಲಾಬಿಗೆ ಹೇಳಿತ್ತು, ಗುಲಾಬಿ ಬದನೆಗೆ, ಬದನೆ ಮತ್ತೆ ಮಲ್ಲಿಗೆಗೆ. ತಾನೇ ಕಳಿಸಿದ ಸುದ್ದಿ ತನಗೇ ತಿರುಗಿ ಬಂದಾಗ ಮಲ್ಲಿಗೆ ಅದನ್ನು ಹೊಸ ಅಪಾಯವೆಂದು ತಿಳಿದು ಇನ್ನೊಮ್ಮೆ ಸಾರಿತ್ತು. ಎರಡು ತಿಂಗಳ ಹಿಂದೆ ಸತ್ತ ಒಂದು ಹುಳಕ್ಕೆ ಗಿಡಗಳೆಲ್ಲ ಇನ್ನೂ ಹೆದರುತ್ತಿದ್ದವು. ಹೆದರಿದ ಗಿಡ ಇರುವ ಶಕ್ತಿಯನ್ನೆಲ್ಲ ಎಲೆ ಕಾಯುವುದಕ್ಕೇ ಹಾಕುತ್ತದೆ. ಹೂ ಬಿಡುವುದಕ್ಕೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಆದರೆ ಪರೀಕ್ಷೆ ನಡೆದದ್ದು ತನ್ನ ಒಂದೇ ಅಂಗಳದಲ್ಲಿ. ಇಡೀ ಮಾಳಮಡ್ಡಿ ಯಾಕೆ ಹೂವಿಲ್ಲದೆ ನಿಂತಿದೆ? ಪಲ್ಲವಿ ಎದ್ದು ಹೋಗಿ ಮಲ್ಲಿಗೆಯ ಬುಡದಲ್ಲಿ ಮೊಣಕಾಲೂರಿದಳು. ಅವಳ ಕತ್ತರಿ ಮಾಡಿದ ಗಾಯಗಳು ನುಣುಪಾಗಿದ್ದವು. ಅವುಗಳ ನಡುವೆ ಕೈಯಿಂದ ಮುರಿದ, ತೊಗಟೆ ಸುಲಿದ ಗಾಯಗಳು ಕಂಡವು. ಒಂದೊಂದಾಗಿ ಎಣಿಸಿದಳು. ಮೂವತ್ತೊಂದು.

ತಾಯಿಗಿಡದ ಕಾಂಡದೊಳಗೂ ಸುದ್ದಿನೂಲು ಇತ್ತು. ಮೂವತ್ತೊಂದು ಕಡ್ಡಿಗಳು ಅದನ್ನು ಮೂವತ್ತೊಂದು ಕಡೆ ಒಯ್ದು, ಅಲ್ಲಿಂದ ಒದ್ದೆ ಮಣ್ಣಿನಲ್ಲಿ, ಗೋಡೆಯ ಅಡಿಯಲ್ಲಿ ಹಬ್ಬಿಸಿದ್ದವು.

ಮಿರಗದ ಮಳೆಗೆ, ಅಂದರೆ ಮುಂಗಾರಿನ ಮೃಗಶಿರಾ ಮಳೆಗೆ, ಹದಿಮೂರು ದಿನವಿತ್ತು. ಮಳೆ ಬಂದು ನೀರು ಹರಿದರೆ ಶಿಲೀಂಧ್ರದ ಬೀಜಕಣಗಳು ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಲಗಳಿಗೆ ಹೋಗುತ್ತವೆ. ಆಗಷ್ಟೇ ಬಿತ್ತಿದ ಹೆಸರು, ಉದ್ದು, ಮೆಣಸಿನಕಾಯಿ. ಎಲ್ಲವೂ ಸೊಂಪಾಗಿ ಬೆಳೆದು, ಹಸಿರಾಗಿ ನಿಂತು, ಒಂದು ಹೂವನ್ನೂ ಬಿಡುವುದಿಲ್ಲ. ಆಮೇಲೆ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ.

ಸಂಜೆಯೇ ಮಹಿಳಾ ಮಂಡಳದ ಸಭೆ ಕರೆದಳು. ಹತ್ತು ದಿನ ಯಾರೂ ಗಿಡಗಳಿಗೆ ನೀರು ಹಾಕಬಾರದು, ಒಣ ಮಣ್ಣಿನಲ್ಲಿ ನೂಲು ಸಾಯುತ್ತದೆ ಎಂದು ವಿವರಿಸಿದಳು. ಅದಕ್ಕೆ ಗೊಣಗುತ್ತಲೇ ಎಲ್ಲರೂ ಒಪ್ಪಿದರು.

"ಆದ್ರ ನನ್ನ ಮಲ್ಲಿಗಿ ಕಡ್ಡಿಯಿಂದ ಬೆಳೆದ ಗಿಡ ಹಂಗ ಸಾಯಂಗಿಲ್ರಿ. ಅದರ ಮೈಯಾಗ ನೂಲು ಅದ. ಅವನ್ನ ಕಿತ್ತು ಸುಡಬೇಕು. ಯಾರು ಯಾರು ಒಯ್ದೀರಿ, ಹೇಳ್ರಿ."

ಕೆಲವರು ಫ್ಯಾನು ನೋಡಿದರು, ಕೆಲವರು ಬಳೆ ತಿರುಗಿಸಿದರು. ಪಲ್ಲವಿಗೆ ಸಿಟ್ಟು ಬಂತು. ಹೊಲ ಹಾಳಾದರೂ ಪರವಾಗಿಲ್ಲ, ಇವರಿಗೆ ಕದ್ದ ಕಡ್ಡಿಯ ಮರ್ಯಾದೆ ದೊಡ್ಡದು! ಬಾಯಿ ತೆರೆದಳು, ಆದರೆ ಹೊರಬಂದದ್ದು ಬೇರೆಯೇ ಮಾತು.

"ಆ ಮಲ್ಲಿಗಿ ನಂದೂ ಅಲ್ರಿ. ನಮ್ಮ ಪಿಎಚ್‌ಡಿ ಗೈಡ್ ಇದ್ದರಲ್ಲ, ಅವರ ಹಿತ್ತಲದಾಗಿಂದ ಕದ್ದು ತಂದದ್ದು. ಇಪ್ಪತ್ತೆರಡು ವರ್ಷ ಆತು. ಅವರು ಇರೂತನಕ ನಾ ಬಾಯಿ ಬಿಡಲಿಲ್ಲ. ನಾಳೆ ಎಲ್ಲಾರಿಗಿಂತ ಮೊದಲ ಅದನ್ನ ಕೀಳತೇನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಮುಖ ಮುಚ್ಚಿಕೊಂಡು, "ನಾ ಎರಡು ಒಯ್ದೇನ್ರಿ, ಒಂದು ನಮ್ಮ ತಂಗಿಗೆ," ಎಂದರು. ಅಲ್ಲಿಂದ ಮಾತಿಗೆ ಮಾತು ಕೂಡಿ, ದೀಪ ಹಚ್ಚುವ ಹೊತ್ತಿಗೆ ಮೂವತ್ತು ಕಡ್ಡಿಗಳ ಲೆಕ್ಕ ಸಿಕ್ಕಿತು. ಒಂದು ಸಿಗಲಿಲ್ಲ.

ಮರುದಿನ ಪಲ್ಲವಿ ತನ್ನ ಮಲ್ಲಿಗೆಯನ್ನು ಕಿತ್ತಳು. ಒಂಬತ್ತು ವರ್ಷದ ದುಡಿಮೆ ಸುಟ್ಟು ಬೂದಿಯಾಗಲು ಅರ್ಧ ಗಂಟೆ ಸಾಕಾಯಿತು. ಹಿಂದೆಯೇ, ಲೆಕ್ಕ ಸಿಕ್ಕ ಮೂವತ್ತು ಗಿಡಗಳೂ ಬೆಂಕಿ ಸೇರಿದವು.

ನಂತರದ ದಿನಗಳು ತೆವಳಿದವು. ಅಂಗಳಗಳಲ್ಲಿ ಗಿಡಗಳು ಜೋತು ಬಿದ್ದವು. ಹೆಂಗಸರು ಕೊಡ ಹಿಡಿದುಕೊಂಡು ಬಂದು, ನೆನಪಾಗಿ, ಹಾಗೇ ಒಳಗೆ ಹೋಗುತ್ತಿದ್ದರು. ಪಲ್ಲವಿಯ ಕ್ಲಿಪ್ಪುಗಳಲ್ಲಿ ಕೆಂಪು ಒಂದೊಂದಾಗಿ ಹಸಿರಾಯಿತು. ಹತ್ತನೆಯ ದಿನ ಎಲ್ಲ ಹಸಿರು, ಕರಿಬೇವು ಮಾತ್ರ ಕೆಂಪು. ಹನ್ನೊಂದನೆಯ ದಿನವೂ ಕೆಂಪೇ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಬಂದಿತ್ತು, ಮಿರಗ ಎರಡು ದಿನ ಮೊದಲೇ ಇಳಿಯುವ ಹಾಗೆ. ಅವಳು ಕರಿಬೇವನ್ನು ನೋಡಿದಳು, ಅದು ಒರಗಿದ ಗೋಡೆಯನ್ನು ನೋಡಿದಳು. ಆಗ ಇನ್ನೊಂದು ಸಂಗತಿ ನೆನಪಾಯಿತು.

ಇಪ್ಪತ್ತು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಆ ಗೋಡೆಯ ಮೇಲಿಂದ, "ಆರಾಮೇನವಾ?" ಎಂದು ಶೈಲಕ್ಕ ಕೂಗುತ್ತಿದ್ದರು. "ಆರಾಮ ಅದೀನ್ರಿ ಅಕ್ಕಾ," ಎಂದು ಇವಳು ಕೂಗುತ್ತಿದ್ದಳು. ಸಭೆಯಾದ ಮೇಲೆ ಒಂದು ದಿನವೂ ಆ ದನಿ ಬಂದಿರಲಿಲ್ಲ.

ಪಲ್ಲವಿ ಹೋಗಿ ಕದ ತಟ್ಟಿದಾಗ ಶೈಲಕ್ಕ ಬಾಗಿಲಲ್ಲೇ ಅಡ್ಡ ನಿಂತರು. ಎಪ್ಪತ್ತೆರಡು ವರ್ಷದ ಹೆಂಗಸು, ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಎಂಥ ಗದ್ದಲದ ಬಸ್ಸಿನಲ್ಲೂ ಜನರನ್ನು ಹದ್ದುಬಸ್ತಿನಲ್ಲಿಟ್ಟ ದನಿ ಅಂದು ಮೇಲೇಳಲಿಲ್ಲ.

"ಎಲ್ಲಿ ಅದ ಅಕ್ಕಾ?"

"ಏನು?"

"ಮಳಿ ಬರಾಕ ಹತ್ತೇತಿ. ಎಲ್ಲಿ ಅದ ಹೇಳ್ರಿ."

ಬಚ್ಚಲಿನ ಹಿಂದೆ, ತಳ ತೂತಾದ ಹಳೆಯ ತಪೇಲಿಯೊಂದರಲ್ಲಿ ಅದು ಇತ್ತು. ಮೊಣಕಾಲೆತ್ತರ, ತಿಳಿ ಹಸಿರು, ಬೇರು ತೂತಿನಿಂದ ನೆಲಕ್ಕಿಳಿದಿತ್ತು. ಬಚ್ಚಲ ನೀರು ಸುತ್ತಲಿನ ಮಣ್ಣನ್ನು ಗೋಡೆಯ ಬುಡದವರೆಗೂ ಒದ್ದೆಯಾಗಿಯೇ ಇಟ್ಟಿತ್ತು.

"ನನ್ನ ಕೈಯಾಗ ತುಳಸಿ ಸೈತ ಬದುಕಲಿಲ್ಲವಾ," ಎಂದರು ಶೈಲಕ್ಕ. "ನಮ್ಮತ್ತಿ ಸಾಯೂತನಕ ಅಂತಿದ್ರು, ನಿಂದು ಸುಡುಗಾಡ ಕೈ ಅಂತ. ಇದೊಂದು ಹತ್ತಿತು. ದಿನಾ ಮುಂಜಾನೆ ಬಂದು ನೋಡತೇನಿ, ಇನ್ನೂ ಐತಲ್ಲ ಅಂತ."

ಪಲ್ಲವಿ ಕೆಳಗೆ ಕೂತು, ಸತ್ತ ಹುಳದ ಕತೆಯನ್ನು, ತಿರುಗಿ ತಿರುಗಿ ಬರುವ ಸುದ್ದಿಯ ಕತೆಯನ್ನು ಮೊದಲಿನಿಂದ ಹೇಳಿದಳು. ದೂರದಲ್ಲಿ ಗುಡುಗಿತು.

ಶೈಲಕ್ಕ ಎಲ್ಲ ಕೇಳಿ ಹುಬ್ಬು ಗಂಟಿಕ್ಕಿದರು. "ಹುಳ ಬಂತು ಅಂತ ಹೇಳಾಕ ಕಲಿಸಿದಿ. ಹೋತು ಅಂತ ಹೇಳಾಕ ಕಲಿಸಲಿಲ್ಲೇನ?"

ಪಲ್ಲವಿ ಮೇಲೆ ನೋಡಿದಳು.

"ನಾ ಒಂದು ಸೀಟಿ ಊದಿದ್ರ ಬಸ್ಸು ನಿಂದರತಿತ್ತು, ಎರಡು ಊದಿದ್ರ ಹೊಂಡತಿತ್ತು. ಬರೇ ನಿಂದರೂ ಸೀಟಿನ ಊದಿದ್ರ ಅದು ಹುಬ್ಬಳ್ಳಿ ಮುಟ್ಟತಿತ್ತೇನ? ಇಷ್ಟು ಓದಿದಾಕಿ, ಇಷ್ಟು ತಿಳೀಲಿಲ್ಲ ನಿನಗ?"

ಒಂಬತ್ತು ವರ್ಷದಲ್ಲಿ ಯಾವ ಪರಿಣತರೂ ಕೇಳದ ಪ್ರಶ್ನೆ ಅದು. ಪಲ್ಲವಿಗೆ ನಾಚಿಕೆಯಾಯಿತು, ಅಳು ಬಂತು. ಅಳುವುದಕ್ಕೆ ಸಮಯವಿರಲಿಲ್ಲ. ಮೊದಲ ಹನಿ ತಪೇಲಿಯ ಅಂಚಿಗೆ ಟಪ್ಪೆಂದು ಬಿತ್ತು.

ಶೈಲಕ್ಕ ಅವಳನ್ನು ಬದಿಗೆ ಸರಿಸಿ ತಾವೇ ಬಗ್ಗಿದರು, ಬುಡಕ್ಕೆ ಕೈ ಹಾಕಿ ಗಿಡವನ್ನು ಒಂದೇ ಜಗ್ಗಿಗೆ ಕಿತ್ತರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆಂಕಿ ಹಚ್ಚಿದರು. ಹಸಿ ಕಾಂಡ ಹೊಗೆಯಾಡಿತು, ಉರಿಯಲೊಲ್ಲದು. ಹನಿಗಳು ದಪ್ಪವಾದವು. ಪಲ್ಲವಿ ಕೊಡೆ ಹಿಡಿದು ಬೆಂಕಿಯ ಮೇಲೆ ಬಾಗಿದಳು, ಶೈಲಕ್ಕ ಹಳೆಯ ರದ್ದಿ ಕಾಗದ ತುರುಕಿ ಊದಿದರು. ಕಣ್ಣು, ಮೂಗು ಎಲ್ಲ ಹೊಗೆ. ಕೊನೆಗೂ ಉರಿ ಹಿಡಿಯಿತು. ತಪೇಲಿ ಇದ್ದ ನೆಲಕ್ಕೆ ನಾಲ್ಕು ಕೊಡ ಕುದಿಯುವ ನೀರು ಸುರಿದು, ಮೇಲೆ ಸುಣ್ಣ ಮುಚ್ಚಿ, ಮಳೆ ತಾಗದಂತೆ ತಗಡು ಹೊದಿಸಿದರು. ಆಮೇಲೆ ಗೋಡೆಯ ಮೇಲಿಂದ ಕರಿಬೇವನ್ನೇ ನೋಡುತ್ತಾ ನಿಂತರು. ದೀಪ ಕೆಂಪಾಗಿಯೇ ಇತ್ತು. ಅಂಗಳದ ಧೂಳಿನಲ್ಲಿ ಹನಿಗಳ ಚುಕ್ಕೆಗಳು ಕೂಡಿಕೊಳ್ಳತೊಡಗಿದವು. ಇನ್ನು ಸ್ವಲ್ಪ ಹೊತ್ತಿಗೆ ನೀರು ಹರಿಯುತ್ತದೆ. ಪಲ್ಲವಿ ಶೈಲಕ್ಕನ ಕೈ ಹಿಡಿದುಕೊಂಡಳು. ಆ ಕೈ ಬೂದಿಯಿಂದ ಕಪ್ಪಾಗಿತ್ತು.

ದೀಪ ಒಮ್ಮೆ ಮಿನುಗಿತು. ಹಸಿರಾಯಿತು. ಹಿಂದೆಯೇ ಮಳೆ ಧೋ ಎಂದು ಸುರಿಯಿತು.

ಶ್ರಾವಣದಲ್ಲಿ ಮಾಳಮಡ್ಡಿಯ ದಾಸವಾಳಗಳು ಅರಳಿದವು. ಮೊಗ್ಗಿನ ಬುಡದಲ್ಲಿ ಬಿಳಿಯ ಹಿಟ್ಟು ತಿಗಣೆ, ಎಲೆಗಳಲ್ಲಿ ತೂತು. "ಹುಳ ಬಂದಾವ ನೋಡ್ರಿ!" ಎಂದು ಒಬ್ಬಾಕೆ ಸಂಭ್ರಮದಿಂದ ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ಮನೆಮನೆಯಲ್ಲಿ ಮತ್ತೆ ಹುಳಿ ಮಜ್ಜಿಗೆಯ ವಾಸನೆ ಎದ್ದಿತು. ಹಳ್ಳದ ಆಚೆ ಹೆಸರಿನ ಹೊಲಗಳು ಹಳದಿ ಹೂ ಬಿಟ್ಟು ಕಾಯಿ ಕಟ್ಟಿದ್ದವು.

ಪಲ್ಲವಿ ಹೊಸ ನೂಲಿನ ಕೆಲಸಕ್ಕೆ ಕೂತಿದ್ದಳು. ಬಂತು ಎನ್ನುವುದರ ಜೊತೆಗೆ ಹೋಯಿತು ಎನ್ನುವುದನ್ನೂ ಸಾಗಿಸುವ ನೂಲು. ಇನ್ನೆಷ್ಟು ವರ್ಷ ಬೇಕೋ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ತೆರೆದು ನೋಡಿದಳು. ಎಲ್ಲೋ ಕಳ್ಳರು, ಎಲ್ಲೋ ಜ್ವರ, ಯಾವುದನ್ನೋ ತಿನ್ನಬೇಡಿ, ಯಾರನ್ನೋ ನಂಬಬೇಡಿ. ಎದ್ದ ಮೇಲೆ ಬಂದ ಹದಿನೇಳು ಎಚ್ಚರಿಕೆಗಳು. ಮೇಲಕ್ಕೆ ಸರಿಸಿ, ಹೋದ ವರ್ಷದವನ್ನೂ ಓದಿದಳು. ಆ ಕಳ್ಳರು ಸಿಕ್ಕರೇ, ಆ ಜ್ವರ ಇಳಿಯಿತೇ, ಎಲ್ಲೂ ಯಾರೂ ಬರೆದಿರಲಿಲ್ಲ. ಈ ನೂಲನ್ನು ಹೆಣೆದವಳು ಅವಳಲ್ಲ. ಅವಳು ಹುಟ್ಟಿದ ಕಾಲದಲ್ಲೇ, ಅಂದರೆ ನಮ್ಮ ಕಾಲದಲ್ಲೇ, ಅದು ಎಲ್ಲರ ಅಂಗೈಗೂ ಬಂದಾಗಿತ್ತು.

ಫೋನು ಮಗುಚಿಟ್ಟು ಅಂಗಳಕ್ಕೆ ಬಂದಳು. ಶೈಲಕ್ಕ ಗೋಡೆಯಾಚೆ ಬಟ್ಟೆ ಹಿಂಡುತ್ತಿದ್ದರು. ಪಲ್ಲವಿ ದಾಸವಾಳದ ಒಳ್ಳೆಯ ಕೊಂಬೆಯೊಂದನ್ನು ಆರಿಸಿ, ಗೋಡೆಯ ಮೇಲೆ ಅತ್ತ ಕಡೆಗೆ ಬಾಗಿಸಿಟ್ಟಳು. ಕೊಟ್ಟರೆ ಹತ್ತುವುದಿಲ್ಲವಲ್ಲ. ಬೆನ್ನು ತಿರುಗಿಸಿ, ಇಲ್ಲದ ಕಸವನ್ನು ಗುಡಿಸುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಹಿಂದೆ ಚಟ್ಟೆಂದು ಮುರಿದ ಸದ್ದು. ಅವಳು ತಿರುಗಲಿಲ್ಲ.

"ಆರಾಮೇನವಾ?" ಎಂದು ಗೋಡೆಯಾಚೆಯಿಂದ ದನಿ ಬಂತು, ಎಂದಿಗಿಂತ ತುಸು ಜೋರಾಗಿ.

"ಆರಾಮ ಅದೀನ್ರಿ ಅಕ್ಕಾ," ಎಂದಳು ಪಲ್ಲವಿ. "ಎಲ್ಲಾ ಆರಾಮ ಅದ."