ಮೂರನೇ ಬಂದರೆ ಇಲ್ಲೇ ಇರುತ್ತೇನೆ

ನಮ್ಮ ಲೀಗಿನಲ್ಲಿ ಒಂದು ಟೀಮ್ ಕಟ್ಟಲು ಕೊಡುವುದು ಮೂವತ್ತೆರಡು ಪಾಯಿಂಟ್. ಅಷ್ಟರಲ್ಲಿ ಐದು ರೈಡರ್‌ಗಳು ಬರಬೇಕು. ಒಬ್ಬೊಬ್ಬ ರೈಡರ್‌ನ ಬೆಲೆ ಎಂದರೆ ಅವನ ಆವರೇಜ್, ಕಳೆದ ಸೀಸನ್ನಿನಲ್ಲಿ ಒಂದು ಮ್ಯಾಚಿಗೆ ಸರಾಸರಿ ಎಷ್ಟು ಪಾಯಿಂಟ್ ತಂದನೋ ಅಷ್ಟು. ಇಮ್ತಿಯಾಜ್ ಏಳೂಕಾಲು. ಮತ್ತೊಬ್ಬ ಆರು, ಇನ್ನೊಬ್ಬ ಐದೂಕಾಲು, ಕೊನೆಯವನು ನಾಲ್ಕು. ಕೂಡಿದರೆ ಇಪ್ಪತ್ತೆರಡೂವರೆ. ಸುಜಿತ್‌ಗೆ ಉಳಿಯುವುದು ಒಂಬತ್ತೂವರೆ. ಅವನ ಬೆಲೆ ಅದಕ್ಕಿಂತ ಕೂದಲೆಳೆಯಷ್ಟು ಏರಿದರೂ ಮುಂದಿನ ವರ್ಷ ಅವನು ನಮ್ಮವನಲ್ಲ.

ಮಾರ್ಚ್ ತಿಂಗಳ ಆ ಶನಿವಾರ ಬೆಳಿಗ್ಗೆ, ಸೀಸನ್ನಿನ ಕೊನೆಯ ರೇಸಿಗೆ ಹತ್ತು ನಿಮಿಷ ಇರುವಾಗ, ನನ್ನ ಪ್ಯಾಡಿನಲ್ಲಿದ್ದ ಲೆಕ್ಕ ಇದು.

ಸ್ಪೀಡ್‌ವೇ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಮಣ್ಣಿನ ಮೊಟ್ಟೆಯಾಕಾರದ ಟ್ರ್ಯಾಕ್, ಟೀಮಿಗೆ ಎರಡರಂತೆ ನಾಲ್ಕು ಬೈಕ್, ನಾಲ್ಕು ಸುತ್ತು. ಬೈಕಿಗೆ ಬ್ರೇಕ್ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿಕೊಂಡೇ ಹೋಗಬೇಕು. ಮೊದಲು ಬಂದವನಿಗೆ ಮೂರು ಪಾಯಿಂಟ್, ಆಮೇಲೆ ಎರಡು, ಒಂದು, ಸೊನ್ನೆ. ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆ ಒಂದು ನಿಮಿಷದ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪಿನವರು ಒಂದು ವಾರ ಜಗಳ ಆಡುತ್ತಾರೆ.

ಸುಜಿತ್ ನನಗೆ ಸಿಕ್ಕಿದ್ದೂ ಜಗಳದಲ್ಲೇ.

ಅಬುಧಾಬಿಯಿಂದ ಒಂದೂವರೆ ಗಂಟೆ ದೂರದ ರಾಸ್ ಅಲ್ ಖೋರ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇರುವುದು ನನ್ನ ಅಣ್ಣ ಧರ್ಮಪಾಲನದು. ಟೀಮೂ ಅವನದೇ. ಅಂಗಡಿಯ ಕೌಂಟರು, ಟೀಮಿನ ಮ್ಯಾನೇಜರ್ ಕೆಲಸ ಎರಡೂ ನನ್ನದು. ಕಳೆದ ವರ್ಷ ಆಗಸ್ಟ್‌ನ ಒಂದು ಮಧ್ಯಾಹ್ನ, ಮೊಣಕೈವರೆಗೆ ಆಯಿಲ್ ಮೆತ್ತಿಕೊಂಡ ಒಬ್ಬ ಹುಡುಗ ಕ್ಲಚ್ ಪ್ಲೇಟ್ ಕೇಳಿಕೊಂಡು ಬಂದ. ಗೋಡೆಯಲ್ಲಿದ್ದ ಟೀಮಿನ ಫೋಟೋ ನೋಡಿದ, ನನ್ನನ್ನು ನೋಡಿದ.

"ಭವ್ಯಶ್ರೀ ಅಂದ್ರೆ ನೀವಾ?"

"ಹೌದು. ಬಿಲ್ ಯಾರ ಹೆಸರಿಗೆ?"

"ಬಿಲ್ ಇರ್ಲಿ. ನಿನ್ನೆ ಗ್ರೂಪಿನಲ್ಲಿ ಬರೆದದ್ದು ನೀವಾ? ಆವರೇಜ್ ಕಡಿಮೆ ಮಾಡ್ಲಿಕ್ಕೆ ಬೇಕಂತಲೇ ಸೋಲುವವನನ್ನು ಟ್ರ್ಯಾಕಿನಿಂದ ಓಡಿಸ್ಬೇಕು ಅಂತ?"

"ನಾನೇ. ಎಂತ ಈಗ?"

"ಎಂತ ಇಲ್ಲ. ನಾನು ಯಾರೋ ಅಜ್ಜಿ ಅಂತ ತಿಳ್ಕೊಂಡಿದ್ದೆ. ಅಷ್ಟು ಕೋಪ ಇತ್ತು ಮೆಸೇಜಿನಲ್ಲಿ."

ನಗಬಾರದೆಂದು ಬಿಲ್ ಬುಕ್ಕಿನ ಮೇಲೆ ಬಗ್ಗಿದೆ. ಅವನು ಹೋಗಲಿಲ್ಲ. ಕೌಂಟರಿಗೆ ಒರಗಿ ನಿಂತ.

"ತಪ್ಪು ರೈಡರ್‌ನದ್ದಲ್ಲ ಮಾರಾಯ್ರೆ, ನಿಮ್ಮ ರೂಲಿನದ್ದು. ಚೆನ್ನಾಗಿ ಓಡಿದವನಿಗೆ ಟೀಮಿನಲ್ಲಿ ಜಾಗ ಇಲ್ಲ ಅಂದ್ರೆ ಅದೆಂತ ನ್ಯಾಯ?"

"ರೂಲ್ ಇಲ್ಲದಿದ್ರೆ ದೊಡ್ಡ ಟೀಮ್‌ನವರು ಐದೂ ಚಾಂಪಿಯನ್‌ಗಳನ್ನು ಒಟ್ಟು ಮಾಡ್ತಾರೆ. ಪ್ರತಿ ಶನಿವಾರ ಅವರೇ ಗೆಲ್ತಾರೆ. ಅದನ್ನು ನೋಡ್ಲಿಕ್ಕೆ ನೀವು ಬರ್ತೀರಾ?"

"ಬರ್ತೇನೆ." ಅವನ ಕಣ್ಣಿನ ತುದಿಯಲ್ಲಿ ಮಾತ್ರ ನಗು. "ನೀವು ಇರ್ತೀರಲ್ಲ."

ಕ್ಲಚ್ ಪ್ಲೇಟಿನ ಜೊತೆಗೆ ಅಂದು ಅವನು ತೆಗೆದುಕೊಂಡು ಹೋದದ್ದು ನನ್ನ ಮಧ್ಯಾಹ್ನದ ನಿದ್ದೆ.

ಮೂಡುಬಿದಿರೆಯವನು. ಪಕ್ಕದ ಗಲ್ಲಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಊರಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸಿ ಅಭ್ಯಾಸವಿತ್ತು. ಲೀಗಿನ ಲೆಕ್ಕದಲ್ಲಿ ಹೊಸಬ, ಹಾಗಾಗಿ ಬೆಲೆ ಬರೀ ನಾಲ್ಕು. ಪ್ರಾಕ್ಟೀಸಿನಲ್ಲಿ ಅವನು ತಿರುವು ತೆಗೆದುಕೊಂಡದ್ದನ್ನು ಒಂದೇ ಸಲ ನೋಡಿ ನಾನು ಅಣ್ಣನ ತೋಳು ಜಗ್ಗಿದೆ. "ಇವನನ್ನು ಬಿಡ್ಬೇಡ." ಮಾಲು ನೋಡಿ ಬೆಲೆ ಹೇಳುವುದು ಕೌಂಟರಿನಲ್ಲಿ ಕಲಿತ ವಿದ್ಯೆ.

ಸೆಪ್ಟೆಂಬರಿನಲ್ಲಿ ಅಲ್ ಕುಸೈಸ್‌ನ ಒಂದು ಹೋಟೆಲಿನ ಮಹಡಿಯಲ್ಲಿ ಒಂಬತ್ತು ಟೀಮುಗಳ ಮೀಟಿಂಗ್ ಆಯಿತು. ಒಂದು ಹೊಸ ರೂಲ್ ತರುವ ಮಾತು ಬಂತು. ತನ್ನ ಟೀಮಿನಲ್ಲೇ ಆಟ ಶುರು ಮಾಡಿದ ರೈಡರ್‌ಗೆ ಅರ್ಧ ಪಾಯಿಂಟ್ ರಿಯಾಯಿತಿ. ಬೆಳೆಸಿದವರಿಗೆ ಅಷ್ಟಾದರೂ ಸಿಗಲಿ ಎಂದು ಇಮ್ತಿಯಾಜನ ವಾದ. ಅಬುಧಾಬಿಯವರಿಗೇ ಅದರಿಂದ ಜಾಸ್ತಿ ಲಾಭ ಎಂದು ನಾನು ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಬೇಡ ಅಂದವರು ಐದು, ಬೇಕು ಅಂದವರು ನಾಲ್ಕು. ಆ ಐದರಲ್ಲಿ ಒಂದು ನನ್ನ ಕೈ.

"ಭವ್ಯಕ್ಕ, ಒಂದು ದಿನ ನೀವೇ ಈ ಅರ್ಧ ಪಾಯಿಂಟಿಗೆ ಅಳ್ತೀರಿ ನೋಡಿ," ಎಂದಿದ್ದ ಇಮ್ತಿಯಾಜ್.

"ಅಳುವಾಗ ನಿನ್ನನ್ನು ಕರೀತೇನೆ, ಟಿಶ್ಯೂ ತಗೊಂಡು ಬಾ," ಎಂದಿದ್ದೆ.

ಆ ಚಳಿಗಾಲ ಹೇಗೆ ಕಳೆಯಿತೋ ತಿಳಿಯದು. ಸುಜಿತ್ ಗೆಲ್ಲುತ್ತಾ ಹೋದ. ರೇಸ್ ಮುಗಿದ ಕೂಡಲೇ ಹೆಲ್ಮೆಟ್ ತೆಗೆಯದೆ ನನ್ನ ಹಿಂದೆ ಬಂದು ಪ್ಯಾಡಿನಲ್ಲಿ ಇಣುಕುತ್ತಿದ್ದ. "ಮ್ಯಾನೇಜರ್ರೇ, ಇವತ್ತು ನನ್ನ ರೇಟ್ ಎಷ್ಟು?" ಅವನ ಕಿತ್ತಳೆ ಗ್ಲೌಸಿನಿಂದ ಮಣ್ಣು ನನ್ನ ಅಂಕಿಗಳ ಮೇಲೆ ಉದುರುತ್ತಿತ್ತು. ನಾನು ಒರೆಸುವಂತೆ ಮಾಡಿ ಒರೆಸುತ್ತಿರಲಿಲ್ಲ. ಏಳು, ಏಳೂವರೆ, ಎಂಟೂಮುಕ್ಕಾಲು. ಅಂಕಿ ಏರಿದಾಗೆಲ್ಲ ನಾನು ಕುಣಿಯುತ್ತಿದ್ದೆ. ಜನವರಿಯಲ್ಲಿ ಅದು ಒಂಬತ್ತು ದಾಟಿದ ದಿನ ಕುಣಿಯಲು ಆಗಲಿಲ್ಲ.

"ಬೇರೆ ಯಾರನ್ನಾದ್ರೂ ಬಿಟ್ಟು ಇವನನ್ನು ಇಟ್ಕೊಳ್ಳುವ," ಎಂದೆ ಅಣ್ಣನ ಹತ್ತಿರ.

"ಉಳಿದ ನಾಲ್ವರಿಗೆ ಎರಡು ವರ್ಷದ ಮಾತು ಕೊಟ್ಟಿದ್ದೇನೆ ಭವ್ಯ. ಬಾಯಿ ಮಾತಿಗೆ ಬೆಲೆ ಇಲ್ಲದಿದ್ರೆ ನಾಳೆ ನಮಗೆ ಸಾಲದಲ್ಲಿ ಯಾರು ಮಾಲು ಕೊಡ್ತಾರೆ?"

ಸುಜಿತ್‌ಗೂ ಅದು ಬೇಡ. "ಇಮ್ತಿಯಾಜನ ಜಾಗದಲ್ಲಿ ಕೂತು ನಾನು ಓಡಿಸ್ಲಿಕ್ಕುಂಟಾ? ಖಲಾಸ್, ಆ ಮಾತು ಬೇಡ."

ಹಾಗೆ ಬಂತು ಆ ಶನಿವಾರ. ಎದುರಾಳಿ ಅಬುಧಾಬಿ. ಗೆದ್ದವರಿಗೆ ಕಪ್. ಕೊನೆಯ ರೇಸಿಗೆ ಮೊದಲು ನಮ್ಮದು ಇಪ್ಪತ್ತೇಳು, ಅವರದು ಇಪ್ಪತ್ತಾರು. ಇಮ್ತಿಯಾಜನ ಎಂಜಿನ್ ಕೈಕೊಟ್ಟಿತ್ತು, ಬದಲಿ ಬೈಕ್ ಇರಲಿಲ್ಲ. ಅವರ ಇಬ್ಬರ ಎದುರು ಸುಜಿತ್ ಒಬ್ಬನೇ.

ಅವನ ಒಟ್ಟು ಎಪ್ಪತ್ತೈದು, ಎಂಟು ಮ್ಯಾಚಿಗೆ. ಮೂರನೇ ಬಂದು ಒಂದು ಪಾಯಿಂಟ್ ಸೇರಿಸಿದರೆ ಸರಿಯಾಗಿ ಒಂಬತ್ತೂವರೆ. ಅವನು ನಮ್ಮಲ್ಲೇ, ಕಪ್ ಅಬುಧಾಬಿಗೆ. ಗೆದ್ದರೆ ಕಪ್ ನಮ್ಮದು, ಅವನು ಹೋಗಬೇಕು. ಎರಡನೇ ಬಂದರೆ ಕಪ್ಪೂ ಇಲ್ಲ, ಅವನೂ ಇಲ್ಲ.

ಅವನು ಚೈನಿಗೆ ಕೈ ಹಾಕಿ ಕೂತಿದ್ದ. ನನ್ನ ನೆರಳು ಬಿದ್ದದ್ದೇ ತಲೆ ಎತ್ತಿದ.

"ಲೆಕ್ಕ ನನಗೂ ಬರ್ತದೆ ಮ್ಯಾನೇಜರ್ರೇ," ಎಂದ ಮೆಲ್ಲಗೆ. "ಮೂರನೇ ಬಂದರೆ ಇಲ್ಲೇ ಇರುತ್ತೇನೆ. ಅಬುಧಾಬಿಯವರು ಅಲ್ಲಿಯ ಮುಸಫ್ಫಾದ ಗ್ಯಾರೇಜಿನಲ್ಲಿ ಕೆಲಸವನ್ನೂ ಸೇರಿಸಿ ಕೊಡ್ತಾರಂತೆ. ಹೋದ್ರೆ ಪೂರಾ ಹೋದ ಹಾಗೆಯೇ. ನೀವು ಒಂದು ಮಾತು ಹೇಳಿ, ಸಾಕು."

ಸುತ್ತ ಬೈಕಿಗೆ ಹಾಕುವ ಮೆಥನಾಲಿನ ವಾಸನೆ, ಎಂಜಿನ್‌ಗಳ ಗದ್ದಲ. ಅವನ ಹುಬ್ಬಿನ ಮೇಲೆ ಕೆಂಪು ಮಣ್ಣಿನ ಗೆರೆ. ಒರೆಸಬೇಕೆಂದು ಕೈ ಎದ್ದು ಅರ್ಧದಲ್ಲಿ ನಿಂತಿತು.

"ಗೆಲ್ಲಿ," ಎಂದೆ.

ಅವನು ಚೈನ್ ಬಿಟ್ಟು ಎದ್ದ. "ನಾನು ಹೋದ್ರೆ ನಿಮಗೆ ಎಂತದ್ದೂ ಅನ್ನಿಸುದಿಲ್ವಾ?"

ಉತ್ತರ ಕೊಡುವ ಮೊದಲೇ ಬಝರ್ ಹೊಡೆಯಿತು. ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟ.

ನಾನು ಬೇಲಿಯ ಹತ್ತಿರ ಓಡಿದೆ. ಬೈಕುಗಳ ಮುಂದೆ ಅಡ್ಡ ಕಟ್ಟಿದ್ದ ಸ್ಟಾರ್ಟಿನ ಟೇಪ್ ಮೇಲೆ ಹಾರಿತು. ಎರಡು ಬೈಕ್ ಬಾಣದಂತೆ ಹೊರಟವು. ಸುಜಿತ್‌ನದು ಮಾತ್ರ ಅಲ್ಲೇ ಒಂದು ಕ್ಷಣ ತಡವರಿಸಿತು. ಮೊದಲ ತಿರುವಿನಲ್ಲಿ ಅವನು ಮೂರನೇ.

"ಯಲ್ಲಾ, ನುಗ್ಗು ಸುಜಿತ್! ಹೊರಗಿನಿಂದ ಬಾ!" ಇಮ್ತಿಯಾಜ್ ಬೊಬ್ಬೆ ಹೊಡೆಯುತ್ತಿದ್ದ. ಇಡೀ ಸ್ಟ್ಯಾಂಡ್ ಎದ್ದು ನಿಂತಿತ್ತು. ನನ್ನ ಬಾಯಿಂದ ಮಾತ್ರ ಸದ್ದು ಹೊರಡಲಿಲ್ಲ.

ಎರಡನೇ ಸುತ್ತು. ಇನ್ನೂ ಮೂರನೇ.

ಮೂರನೇ ಸುತ್ತಿನ ತಿರುವಿನಲ್ಲಿ ಅವನು ಬೈಕನ್ನು ಮಲಗಿಸಿಯೇ ಬಿಟ್ಟ. ಹಿಂದಿನ ಚಕ್ರದಿಂದ ಮಣ್ಣು ಗೋಡೆಯಂತೆ ಎದ್ದಿತು. ಅದರೊಳಗಿಂದ ಹೊರಬಂದಾಗ ಎರಡನೇ. ಎರಡನೇ ಅಂದರೆ ಎಲ್ಲವೂ ಹೋಯಿತು! ಆಗ ನಾನೂ ಕೂಗಿದೆ. ಎಂತ ಕೂಗಿದೆನೋ ನನಗೇ ಗೊತ್ತಿಲ್ಲ. ತುಳುವಿನಲ್ಲಿ ಕೂಗಿದ್ದು ಎಂದು ಇಮ್ತಿಯಾಜ್ ಆಮೇಲೆ ಹೇಳಿದ, ಅರ್ಥ ಮಾತ್ರ ಹೇಳಲಿಲ್ಲ. ಕೊನೆಯ ತಿರುವು. ಮುಂದಿನವನು ಒಳಗೆ ಅಂಟಿಕೊಂಡ. ಸುಜಿತ್ ಬೇಲಿಯನ್ನು ಸವರಿಕೊಂಡು ಹೊರಗಿನಿಂದ ಬಂದ. ಗೆರೆಯ ಮೇಲೆ ಚಕ್ರಕ್ಕೆ ಚಕ್ರ. ಅವನದು ಒಂದು ಗೇಣು ಮುಂದೆ.

ಇಮ್ತಿಯಾಜ್ ಅಣ್ಣನನ್ನು ಎತ್ತಿ ತಿರುಗಿಸುತ್ತಿದ್ದ. ಮೂವತ್ತು, ಇಪ್ಪತ್ತೊಂಬತ್ತು. ನಾನು ಪ್ಯಾಡಿನಲ್ಲಿ ಅವನ ಹೆಸರಿನ ಮುಂದೆ ಒಂಬತ್ತೂಮುಕ್ಕಾಲು ಎಂದು ಬರೆದೆ. ಸೆಪ್ಟೆಂಬರಿನಲ್ಲಿ ನಾನು ಬೇಡವೆಂದ ಆ ಅರ್ಧ ಪಾಯಿಂಟ್ ಇದ್ದಿದ್ದರೆ ಒಂಬತ್ತೂಕಾಲು, ಅವನು ನಮ್ಮಲ್ಲೇ. ಆಮೇಲೆ ಅಕ್ಷರ ಕಾಣಿಸಲಿಲ್ಲ.

ಟೈರುಗಳ ರಾಶಿಯ ಹಿಂದೆ ಹೋಗಿ ನಿಂತಿದ್ದೆ. ಅವನು ಹುಡುಕಿಕೊಂಡು ಬಂದ.

"ಗೆದ್ದೆ. ನೀವು ಹೇಳಿದ ಹಾಗೆ." ಸ್ವರದಲ್ಲಿ ಇನ್ನೂ ಮುನಿಸು.

"ಸ್ಟಾರ್ಟಿನಲ್ಲಿ ಎಂತ ಆಯ್ತು ನಿಂಗೆ?" ಎಂದೆ. ನೀವು ಎಂಬುದು ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಮುನಿಸು ಸ್ವಲ್ಪ ಸಡಿಲಾಯಿತು.

"ಟೇಪ್ ಏಳುವಾಗ ನಾನು ಮುಂದೆ ನೋಡ್ತಾ ಇರ್ಲಿಲ್ಲ."

"ಮತ್ತೆ ಎಲ್ಲಿ ನೋಡ್ತಿದ್ದೆ?"

ಗ್ಲೌಸ್ ಹಾಕಿದ ಬೆರಳನ್ನು ನನ್ನ ಕಡೆ ತೋರಿಸಿದ. "ಬೇಲಿಯ ಹತ್ತಿರ. ಅಳ್ತಾ ಇದ್ದೀರಾ ಇಲ್ವಾ ಅಂತ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಎರಡು ಸುತ್ತು ನೀನು ಮೂರನೇ ಇದ್ದೆ. ಆಗ ನಾನು ಬೊಬ್ಬೆ ಹೊಡೀಲಿಲ್ಲ ಸುಜಿತ್. ಅಲ್ಲೇ ಇರ್ಲಿ, ಅಲ್ಲೇ ಇರ್ಲಿ ಅಂತ ಬೇಡ್ಕೊಳ್ತಿದ್ದೆ. ಗ್ರೂಪಿನಲ್ಲಿ ದೊಡ್ಡ ಮಾತು ಆಡುವ ನಾನು."

ಅವನು ಹೆಲ್ಮೆಟ್ ನೆಲಕ್ಕೆ ಇಟ್ಟ. "ಮತ್ತೆ ಯಾಕೆ ಗೆಲ್ಲಿ ಅಂದ್ರಿ?"

"ನೀನು ನನಗೋಸ್ಕರ ಸೋತು ಉಳಿದ್ರೆ, ಆ ಸೋಲು ದಿನಾ ರಾತ್ರಿ ನಮ್ಮ ನಡುವೆ ಊಟಕ್ಕೆ ಕೂತ್ಕೊಳ್ತದೆ. ಅದು ನಂಗೆ ಬೇಡ."

ಅವನ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಮತ್ತೊಂದು ಮೂಲೆಯೂ.

"ದಿನಾ ರಾತ್ರಿ ಊಟ? ನಮ್ಮ ನಡುವೆ? ಎಷ್ಟು ದೂರದ ಲೆಕ್ಕ ಹಾಕಿದ್ದೀರಿ ನೀವು!"

ನನ್ನ ಕಿವಿ ಬಿಸಿಯಾಯಿತು. ಪ್ಯಾಡಿನಿಂದ ಅವನ ತೋಳಿಗೆ ಒಂದು ಹೊಡೆದೆ. ಅವನು ಪ್ಯಾಡನ್ನು ಹಿಡಿದುಕೊಂಡ, ಪ್ಯಾಡಿನ ಜೊತೆ ನನ್ನ ಕೈಯನ್ನೂ. ಗ್ಲೌಸ್ ತೆಗೆದಿದ್ದ. ಎಂಜಿನ್ನಿನ ನಡುಕ ಇನ್ನೂ ಆ ಅಂಗೈಯಲ್ಲಿತ್ತು.

"ನಾನು ಅಬುಧಾಬಿ ಟೀಮಿಗೆ ಓಡ್ತೇನೆ," ಎಂದ. "ನೀವು?"

"ನಾನು ನಮ್ಮ ಟೀಮ್ ಬಿಡುದಿಲ್ಲ. ನಿನ್ನನ್ನು ಸೋಲಿಸುವ ನಾಲ್ಕು ಪಾಯಿಂಟಿನ ಹೊಸಬ ಯಾರಾದ್ರೂ ಸಿಗ್ತಾನಾ ಅಂತ ಇವತ್ತಿನಿಂದಲೇ ಹುಡುಕ್ತೇನೆ."

"ಮತ್ತೆ ಊಟ?"

"ಅಣ್ಣನನ್ನು ಕೇಳು."

ಅಣ್ಣ ಅಷ್ಟರಲ್ಲಿ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಹಿಂದೆಯೇ ಅಬುಧಾಬಿಯ ಮ್ಯಾನೇಜರ್, ಕೈಯಲ್ಲಿ ಸುಜಿತ್ ಸಹಿ ಹಾಕಬೇಕಾದ ಕಾಗದ. ನಮ್ಮ ಕೈಗಳನ್ನು ನೋಡಿ ಅಣ್ಣ ನಿಂತ.

"ಅಬುಧಾಬಿಗೆ ರೈಡರ್‌ನನ್ನು ಕೊಟ್ಟದ್ದು ಸಾಲುದಿಲ್ವಾ? ತಂಗಿಯನ್ನೂ ಕೊಡ್ಬೇಕಾ?" ಎಂದ. ಆಮೇಲೆ ಅವನಿಗೇ ನಗು ತಡೆಯಲಿಲ್ಲ.

ಮೇ ತಿಂಗಳಲ್ಲಿ ಮೂಡುಬಿದಿರೆಯಲ್ಲಿ ಮದುವೆಯಾದೆವು. ಈಗ ಮನೆ ಇಬ್ಬರ ಕೆಲಸದ ಜಾಗಕ್ಕೂ ನಡುವೆ ಸಿಗುವ ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ಬೆಳಿಗ್ಗೆ ಅವನು ಮುಸಫ್ಫಾ ಕಡೆಗೆ, ನಾನು ರಾಸ್ ಅಲ್ ಖೋರ್ ಕಡೆಗೆ. ಈ ಸೀಸನ್ನಿನಲ್ಲಿ ನಮ್ಮ ಟೀಮ್ ಆರನೇ ಸ್ಥಾನದಲ್ಲಿದೆ, ಅಬುಧಾಬಿ ಮೊದಲನೇ. ನಮ್ಮ ಎದುರು ಓಡಿದ ನಾಲ್ಕು ರೇಸನ್ನೂ ಸುಜಿತ್ ಗೆದ್ದ. ಟೀಮಿಗೆ ಅವನಂಥ ರೈಡರ್ ಮತ್ತೆ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಇಲ್ಲ. ನನಗೆ ಸುಜಿತ್ ಸಿಕ್ಕಿದ್ದಾನೆ.